ಒಡ್ಡಿನ ಲೆಕ್ಕ

ಬೆಳಗಿನ ಆರೂಕಾಲು. ಪೋ ನದಿಯ ಎಡದಂಡೆ,
ನಲವತ್ತೊಂದನೇ ಕಿಲೋಮೀಟರಿನ ಕಲ್ಲು.
ನನ್ನ ಕೆಲಸ ಬಿಲ ಎಣಿಸುವುದು.
ಉದ್ದ ಕೋಲು, ಸುಣ್ಣದ ಡಬ್ಬಿ, ಒಂದು ನೋಟುಬುಕ್ಕು.
ಒಡ್ಡಿನ ಬುಡಕ್ಕೆ ಕೋಲು ತೂರಿಸುತ್ತೇನೆ: ಒಂದು ಮೊಳ, ಎರಡು, ಮೂರು.
ತುದಿ ತಾಗದಿದ್ದರೆ ಪಕ್ಕದಲ್ಲಿ ಬಿಳಿ ಗೀಟು.
ಹೋದ ವರ್ಷ ಇಲ್ಲಿ ಏಳು ಗೀಟು.
ಈಗ ಮೂವತ್ತಾರು,
ಸುಣ್ಣ ಮುಗಿಯಿತು.

ಜೊಂಡಿನಲ್ಲಿ ಅದು ಕೂತಿದೆ. ನನ್ನ ಹೆದರಿಕೆಯಿಲ್ಲ.
ಗಜ್ಜರಿ ಬಣ್ಣದ ಹಲ್ಲು, ನೆರೆತ ಮೀಸೆ,
ಎರಡೂ ಕೈಯಲ್ಲಿ ಬೇರು ಹಿಡಿದು ತೊಳೆದು ತಿನ್ನುತ್ತಿದೆ
ಪಿಂಚಣಿ ಬಂದ ದಿನದ ಮುದುಕನ ನಿಧಾನದಲ್ಲಿ.
ನ್ಯೂಟ್ರಿಯ ಅನ್ನುತ್ತಾರೆ. ದಕ್ಷಿಣ ಅಮೆರಿಕದ್ದು.
ಕಡಲು ಈಜಿ ಬಂದದ್ದಲ್ಲ,
ಬಾಡಿಗೆ ಕೊಟ್ಟು ತರಿಸಿಕೊಂಡವರು ನಾವು.

ಆಗ ಅದಕ್ಕೆ ಬೇರೆ ಹೆಸರಿತ್ತು: ಕಸ್ತೊರೀನೊ.
ದೀರ್ಚೆ ಅತ್ತೆ ಅದನ್ನು ತೊಟ್ಟು
ಕ್ರಿಸ್ಮಸ್ಸಿನ ನಡುರಾತ್ರಿಯ ಬಲಿಪೂಜೆಗೆ ಬಂದಾಗ
ಬೆಂಚಿಗೆ ಬೆಂಚೇ ತಿರುಗಿತ್ತು.
ನಾನು ಅವಳ ತೋಳಿಗೆ ಕೆನ್ನೆಯೊತ್ತಿ ನಿದ್ದೆಹೋದೆ,
ಹದಿನೆಂಟು ಪ್ರಾಣಿಗಳ ಮೇಲೆ.

ಅಪ್ಪನದು ಇನ್ನೂರು ಪಂಜರ, ಸಿಮೆಂಟು ತೊಟ್ಟಿ, ತಗಡಿನ ಮಾಡು.
ಬೀಟ್‌ರೂಟಿನ ಸೊಪ್ಪು ಹಾಕುತ್ತ
ನಮಗೆಂದೂ ಹಾಡದ್ದನ್ನು ಅವಕ್ಕೆ ಗುನುಗುತ್ತಿದ್ದ.
ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ.
ಸಾಕಿದವರಿಗೆ?

ಆಮೇಲೆ ಪೇಟೆಯಲ್ಲಿ ಏನೋ ಆಯಿತು,
ತುಪ್ಪಳ ತೊಡುವುದು ನಾಚಿಕೆಗೇಡಾಯಿತು.
ಒಂದು ಚರ್ಮಕ್ಕೆ ಒಂದು ಮೂಟೆ ಮೇವೂ ಹುಟ್ಟದಾಯಿತು.
ಎಂಬತ್ತೇಳರ ಫೆಬ್ರವರಿ, ಒಂದು ಬೆಳಗ್ಗೆ
ಪಂಜರಗಳೆಲ್ಲ ಖಾಲಿ.
‘ಮಾರಿದೆ’ ಅಂದ ಅಪ್ಪ, ಬೂಟಿನ ಕೆಸರು ಕೆರೆಯುತ್ತ.
ದುಡ್ಡೆಲ್ಲಿ ಅಂತ ಅಮ್ಮ ಕೇಳಲಿಲ್ಲ.
ನಾನು ಬೂಟು ನೋಡಿದೆ. ಬೂದಿ ಬಣ್ಣದ ಹೊಳೆಮಣ್ಣು.
ನಮ್ಮ ಅಂಗಳದಲ್ಲಿದ್ದದ್ದು ಬರೀ ಜಲ್ಲಿ.

ಐವತ್ತೊಂದರಲ್ಲಿ ಒಡ್ಡು ಒಡೆದಾಗ
ಅಜ್ಜಿ ಮೂರು ರಾತ್ರಿ ಮಾಡಿನ ಮೇಲೆ ಕೂತಿದ್ದಳಂತೆ.
ಸಾಯುವ ತನಕ ಹಿಟ್ಟಿನ ಡಬ್ಬಿ ಅಟ್ಟದಿಂದ ಇಳಿಸಲಿಲ್ಲ.
ಮಗ ಮಾಡಿದ್ದು ಅವಳಿಗೆ ಗೊತ್ತಿತ್ತೋ ಇಲ್ಲವೋ,
ಅವನು ಬಡಿಸಿದಾಗಲೆಲ್ಲ ತಟ್ಟೆ ತುಸು ದೂರ ಸರಿಸುತ್ತಿದ್ದಳು.

ಬೋನು ತೆಗೆದುಕೊಂಡು ಇವೊನೆ ಬರುತ್ತಾನೆ,
ಸೇಬಿನ ಹೋಳು ಸಿಕ್ಕಿಸುತ್ತಾನೆ.
‘ತಿಂಗಳಿಗೆ ಅರವತ್ತು ಹಿಡಿದರೆ ಎಪ್ಪತ್ತು ಹುಟ್ಟುತ್ತವೆ,
ಸಂಬಳ ಮಾತ್ರ ಅಷ್ಟೇ’ ಎಂದು ನಗುತ್ತಾನೆ.
ಅದೇ ಹೊತ್ತಿಗೆ ಒಂದು ತಾಯಿ ನೀರಿಗಿಳಿಯಿತು.
ಅದರ ಮೊಲೆ ಹೊಟ್ಟೆಯಲ್ಲಲ್ಲ, ಪಕ್ಕೆಯ ಮೇಲ್ಗಡೆ:
ಈಜುತ್ತಲೇ ಕುಡಿಸುತ್ತದೆ.
ಐದು ಮರಿ, ಎರಡೂ ಬದಿಗೆ ಅಂಟಿಕೊಂಡು,
ಕಟ್ಟಿದ ದೋಣಿಗಳ ಹಾಗೆ ಹೋದವು.
ಇವೊನೆ ಟೊಪ್ಪಿ ಹಿಂದೆ ತಳ್ಳಿಕೊಂಡ. ಏನೂ ಅನ್ನಲಿಲ್ಲ.
ನಾನು ನೋಟುಬುಕ್ಕಿನಲ್ಲಿ ಬರೆದೆ: ಆರು.

ಸಂಜೆ ಅಪ್ಪನ ಕಾಲುಚೀಲ ಬಿಚ್ಚುತ್ತೇನೆ.
ಎಂಬತ್ತಾರು ವರ್ಷ. ಕಿವಿ ಮಂದ.
ಬಿಲ ಎಷ್ಟು, ಒಡ್ಡು ಹೇಗಿದೆ,
ಒಂದು ದಿನವೂ ಕೇಳಿದವನಲ್ಲ.
ಚಳಿಗಾಲದಲ್ಲಿ ಮಾತ್ರ ಕೇಳುತ್ತಾನೆ:
‘ನೀರು ಹೆಪ್ಪುಗಟ್ಟಿತಾ?’
ಇಲ್ಲ, ಅನ್ನುತ್ತೇನೆ.
‘ಹ್ಞಾ’ ಎಂದು ಗೋಡೆಯ ಕಡೆ ಹೊರಳುತ್ತಾನೆ,
ಒಳ್ಳೆಯದಾಯಿತು ಅನ್ನುವವನ ಹಾಗೆ,
ಯಾರಿಗೆ ಅಂತ ಹೇಳದೆ.