ಕೊಂಬು ಹಂಚಿದ ಲೆಕ್ಕ

ಏಳು ತಲೆ, ಹತ್ತು ಕೊಂಬು. ಹೇಗೆ ಹಂಚುವುದು?
ಫ್ಲೇವಿಯಾ ಕೇಳುವಷ್ಟರಲ್ಲಿ ಮೆಲ್ಬನ್
ಬೋರ್ಡಿನ ಮೂಲೆಯಲ್ಲಿ ಬಿಡಿಸಿಯೇ ಬಿಟ್ಟಿದ್ದ:
ಮೂರು ತಲೆಗೆ ಎರಡೆರಡು, ನಾಲ್ಕಕ್ಕೆ ಒಂದೊಂದು.
ರಾತ್ರಿಯೆಲ್ಲ ಪಾಠ ತಯಾರಿಸಿದ ನನಗೆ
ಹೊಳೆದೇ ಇರಲಿಲ್ಲ ಇದು.

ಇದು ಎಲ್ಲಿರುತ್ತದೆ ಟೀಚರ್, ಮುಪ್ಪಾನೆ ಕಾಡಲ್ಲಾ?
ಹಿಂದಿನ ಬೆಂಚಿನ ಜೋಕಿಮನಿಗೆ ಹೆದರಿಕೆ.
ಎಲ್ಲೂ ಇಲ್ಲ ಮಗೂ, ಎಂದೆ.
ಎಲ್ಲ ಕಡೆಯೂ ಇದೆ ಎನ್ನಬೇಕಿತ್ತೇನೋ. ಎನ್ನಲಿಲ್ಲ.

ಪಂಚಾಯ್ತಿ ಚುನಾವಣೆಗೆ ನಮ್ಮ ಲಿಲ್ಲಿಬಾಯಿ
ನಿಂತಿದ್ದರಲ್ಲ, ಗುರುತು ಏನು?
ಹೊಲಿಗೆ ಮೆಷಿನ್ನು! ಒಟ್ಟಿಗೇ ಕೂಗಿದವು.
ಗೆದ್ದ ಮೇಲೆ ಕುರ್ಚಿಯಲ್ಲಿ ಕೂತದ್ದು
ಮೆಷಿನ್ನೋ, ಲಿಲ್ಲಿಬಾಯಿಯೋ?
ನಗು, ಹೆಂಚು ಹಾರುವಷ್ಟು.

ಸರಿ, ಕಾಡಲ್ಲಿ ಮಂಗ ಸತ್ತು ಬಿದ್ದಿದ್ದರೆ?
ನಗು ನಿಂತಿತು.
ಕಾಯಿಲೆ ಬಂದಿದೆ ಅಂತ. ಸೊಪ್ಪಿಗೆ ಹೋಗಬಾರದು.
ನೋಡಿ, ಆ ಮಂಗ ಬರೀ ಮಂಗವಲ್ಲ,
ಮುಂಚೆಯೇ ಬಂದ ಓಲೆ. ಓದಲು ಬರುತ್ತದೆ ನಿಮಗೆ.

ಇದನ್ನು ಬರೆದವನೂ ದ್ವೀಪದಲ್ಲಿದ್ದ.
ದ್ವೀಪ ಅಂದರೇನು ಅಂತ ತುಮರಿ ಕಡೆಯವರಿಗೆ ಹೇಳಬೇಕಿಲ್ಲ:
ಸಂಜೆಯ ಕೊನೆಯ ಲಾಂಚು ಹೋದಮೇಲೆ
ಯಾರಿಗೂ ಹೊಟ್ಟೆನೋವು ಬರಬಾರದು.
ಅವನಿಗೆ ಲಾಂಚೂ ಇರಲಿಲ್ಲ. ಕಾಗದ ಬರೆದರೆ
ಕಾವಲಿನವರು ಒಡೆದು ಓದುವರು.
ಅದಕ್ಕೇ ರಾಜನನ್ನು ಮೃಗ ಎಂದ,
ರಾಜಧಾನಿಯನ್ನು ಕೆಂಪು ಸೀರೆಯ ಹೆಂಗಸು ಎಂದ,
ನೀವು ಪೀಟಿ ಮೇಷ್ಟ್ರನ್ನು ಗೂಬೆ ಅನ್ನುತ್ತೀರಲ್ಲ, ಹಾಗೆ.
ಇವರಿಗೆ ಹೇಗೆ ಗೊತ್ತಾಯಿತು ಎಂದು
ಮುಖ ಮುಖ ನೋಡಿಕೊಂಡವು.

ಚೆನ್ನಾಗಿ ಹೋಗುತ್ತಿತ್ತು ಪಾಠ.
ಕೊನೆಗೆ ಬಂದೆ: ಹೊಸ ಆಕಾಶ, ಹೊಸ ಭೂಮಿ,
ಅಲ್ಲಿ ಸಮುದ್ರವೇ ಇಲ್ಲವಂತೆ.
ನಿಜದ ಸಮುದ್ರವಲ್ಲ, ಎನ್ನುತ್ತ ಬೆನ್ನು ತಿರುಗಿಸಿ
ಸಮುದ್ರ = ಗೊಂದಲ, ಭಯ
ಎಂದು ಬರೆಯುತ್ತಿದ್ದೆ.

ರೆನಿಟಾ ಕೈ ಎತ್ತಿದ್ದು ಕಾಣಲಿಲ್ಲ.
ವರ್ಷವಿಡೀ ಬಾಯಿ ಬಿಡದ ಹುಡುಗಿ.
ಅಜ್ಜಿಯ ಊರು ಹಿನ್ನೀರಿನ ಅಡಿಯಲ್ಲಿದೆ ಟೀಚರ್.
ಬೇಸಿಗೆಯಲ್ಲಿ ನೀರು ಇಳಿದರೆ ಮೊದಲು ಬಾವಿಕಟ್ಟೆ ಕಾಣುತ್ತದೆ,
ಆಮೇಲೆ ಒರಳು.
ಅಜ್ಜಿ ಹೋಗಿ ಒರಳ ಗುಂಡಿಯ ಕೆಸರು ಬಳಿದು ಬರುತ್ತಾಳೆ.
ಮಳೆ ಹಿಡಿದರೆ ಮತ್ತೆ ಮುಳುಗುತ್ತದೆ, ಗೊತ್ತಿದೆ ಅವಳಿಗೆ.
ಈ ಸಾಲು ಅವಳಿಗೆ ಓದಿ ಹೇಳಲಾ?
ನಿಜದ ನೀರಲ್ಲ ಅಂತಲೂ ಹೇಳಬೇಕಾ?

ಡಸ್ಟರ್ ಎತ್ತಿಕೊಂಡು ಭಯ ಅಳಿಸಿದೆ.
ಗೊಂದಲ ಅಳಿಸಿದೆ.
ಸಮುದ್ರ ಉಳಿಯಿತು, ಪಕ್ಕದಲ್ಲಿ ಎರಡು ಗೀಟು,
ಅದರಾಚೆ ಸುಣ್ಣದ ಮಬ್ಬು.
ಓದಿ ಹೇಳು, ಎಂದೆ. ಅಜ್ಜಿ ಏನಂದಳೋ
ಬರುವ ಭಾನುವಾರ ನನಗೆ ಹೇಳು.

ಲಾಂಚಿನ ಹಾರ್ನು. ಚಪ್ಪಲಿ ಹುಡುಕುತ್ತ ಓಡಿದವು.
ಬೋರ್ಡು ಒರೆಸಲು ಮೂಲೆಗೆ ಬಂದೆ.
ಮೆಲ್ಬನ್ನನ ಮೃಗ ಹಲ್ಲು ಕಿರಿಯುತ್ತಿತ್ತು.
ಏಳನೆಯ ತಲೆಗೆ
ನನ್ನದೇ ಕನ್ನಡಕ.