ಹಿಂದಿನ ಹಾಳೆಗಳು

ಹದಿನೆಂಟು ದಿನಕ್ಕೊಮ್ಮೆ ಮಾನ್ವಿಯಿಂದ ಮೊದಲ ಬಸ್ಸು.
ಉಗುರು ಬಿಳಿಚಿದರೆ ಹದಿನಾರಕ್ಕೇ.
ರಾಯಚೂರಿನ ವಾರ್ಡಿನಲ್ಲಿ ರಕ್ತದ ಚೀಲ ತೂಗುಬಿದ್ದ ಮೇಲೆ
ರೂತಮ್ಮ ಗಣಿತದ ನೋಟುಬುಕ್ಕನ್ನು ಹಿಂದುಮುಂದಾಗಿ ತಿರುವಿ
ಅದರ ನಂಬರು ಬರೆದುಕೊಳ್ಳುತ್ತಾಳೆ, ಎಡಗೈಯಲ್ಲಿ.
ಸೂಜಿ ಬಲಗೈಯಲ್ಲಿದೆ.

ನೂರ ಅರವತ್ತೆರಡು ನಂಬರು.
ಕೊಟ್ಟವರ ಹೆಸರು ಕೇಳುವ ಹಾಗಿಲ್ಲ.

ಈ ಸಲ ಡಾಕ್ಟರು ನನ್ನನ್ನು ಹೊರಗೆ ಕರೆದರು.
ಹೆಪಟೈಟಿಸ್ ಸಿ.
ಎಲ್ಲ ಚೀಲವೂ ಪರೀಕ್ಷೆ ಆದದ್ದೇ, ಆದರೂ
ಹೊಸದಾಗಿ ಮೈಹೊಕ್ಕ ವೈರಸ್ಸು ಕೆಲವು ದಿನ
ಯಾವ ಪರೀಕ್ಷೆಗೂ ಮುಖ ತೋರಿಸುವುದಿಲ್ಲವಂತೆ.
ಗುಳಿಗೆ ಇದೆ, ಮೂರು ತಿಂಗಳು, ವಾಸಿಯಾಗುತ್ತದೆ ಎಂದರು.
ನನಗೆ ಕೇಳಿಸಿದ್ದು ಅರ್ಧ.

ರಾತ್ರಿ ಬುಕ್ಕು ಬಿಚ್ಚಿ ಕೂತೆ.
ಅಂಕಿ ಬಿಟ್ಟರೆ ಓದು ಬಾರದವಳು
ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು
ಇದಾ? ಇದಾ?
ಉಂಡ ಅನ್ನದಲ್ಲಿ ಕಲ್ಲು ಹುಡುಕಿದ ಹಾಗೆ.

ರೂತಮ್ಮ ಮಲಗಿರಲಿಲ್ಲ.
"ಯವ್ವಾ, ಅವರು ಗೊತ್ತಿಲ್ದನ ಕೊಟ್ಟಾರ.
ನನಗರ ಡಾಕ್ಟ್ರು ಹೇಳಿದ್ರು.
ಅವರಿಗೆ ಯಾರು ಹೇಳ್ತಾರ?"

ಬೆಳಿಗ್ಗೆ ಆ ಬುಕ್ಕನ್ನು ಸೆರಗಿನೊಳಗೆ ಅವಚಿಕೊಂಡು
ಒಬ್ಬಳೇ ಮೊದಲ ಬಸ್ಸು ಹತ್ತಿದೆ.
ರಕ್ತನಿಧಿಯ ಬಾಗಿಲು ಎಷ್ಟಕ್ಕೆ ತೆರೆಯುತ್ತದೆ, ಕೇಳಿದೆ.
ಕಂಡಕ್ಟರು ನನ್ನನ್ನೇ ನೋಡಿದ:
"ಏನಮ್ಮಾ, ನಿನ್ನೇನ ಹೋಗಿದ್ದಿ?"