ಕಡ್ಡಿ ಮುರಿದಂತೆ

ಅಲಜಾನಿ ಕಣಿವೆಗೆ ಬಿಸಿಲು ಬಂದಿತ್ತು, ಬಿಸಿ ಬಂದಿರಲಿಲ್ಲ.
ಎತೆರಿ ದ್ರಾಕ್ಷಿ ಸವರುತ್ತಿದ್ದಳು.
ಎರಡು ಕಣ್ಣು ಬಿಟ್ಟು, ಮೂರನೆಯದು ಬರುವ ಮೊದಲೇ
ಕತ್ತರಿಯ ಒಂದೇ ಮಾತು.
ಬಿದ್ದದ್ದನ್ನು ಅವಳು ನೋಡುತ್ತಿರಲಿಲ್ಲ.

ನೋಡಲು ಬಂದವಳು ನಾನು,
ತೆಲಾವಿಯ ಪ್ರಯೋಗಾಲಯದಿಂದ, ಬೆಳಗಿನ ವ್ಯಾನು ಹಿಡಿದು,
ಸುತಲಿ, ಚೀಟಿ, ಹನ್ನೆರಡು ಖಾಲಿ ಚೀಲ ಹೊತ್ತು.
"ಮುರ್ತಾಜ್, ಕೇಳಿದೆಯಾ, ಈ ಹುಡುಗಿಗೆ ನಮ್ಮ ಕಸ ಬೇಕಂತೆ!"
ಸಾಲಿನಾಚೆ ಯಾರೋ ಕೆಮ್ಮಿ ನಕ್ಕರು.

ಕಸವಲ್ಲ ಎಂದೆ.
ಬೂಷ್ಟು ಹಿಡಿದರೆ, ಗಾಯವಾದರೆ, ಬಳ್ಳಿ ತನಗೆ ತಾನೇ
ಅರೆದುಕೊಳ್ಳುವ ಮದ್ದು ಇದರಲ್ಲಿದೆ;
ಹೆಸರು ರೆಸ್ವೆರಟ್ರಾಲ್, ನಾಲಿಗೆ ತೊಡರುತ್ತದೆ, ಇರಲಿ.
ಇವತ್ತು ಕಡಿದದ್ದರಲ್ಲಿ ಚಿಟಿಕೆಯಷ್ಟು.
ನೆರಳಲ್ಲಿ ಆರು ವಾರ ಸುಮ್ಮನೆ ಇಟ್ಟರೆ
ಹೆಚ್ಚುತ್ತದೆ,
ಬೇರಿಲ್ಲದೆ, ನೀರಿಲ್ಲದೆ.

ಕತ್ತರಿ ನಿಂತಿತು.
"ಕಡಿದ ಮೇಲೂ?"
ಕಡಿದ ಮೇಲೆಯೇ.
"ತಾನು ಸತ್ತದ್ದನ್ನು ಅದಕ್ಕೆ ಯಾರೂ ಹೇಳಿಲ್ಲವೇನು?"
ನನ್ನ ಚೀಟಿಗಳಲ್ಲಿ ಇದಕ್ಕೆ ಜಾಗವಿರಲಿಲ್ಲ.

ಅವಳ ಎಡಗೈಯ ತೋರುಬೆರಳು ಅರ್ಧಕ್ಕೇ ಮುಗಿದಿತ್ತು.
ಆ ಮೊಂಡಿನಿಂದ ಕಡ್ಡಿಯ ಹಸಿ ತುದಿಯನ್ನು
ಸವರಿದಳು, ಕತ್ತರಿಯಿಲ್ಲದೆ.
ಆಮೇಲೆ ಕಡ್ಡಿ ಮುರಿದಂತೆ ಅಂದಳು:
"ಒಲೆಗೆ ನಾನೇನು ಹಾಕಲಿ? ನಿನ್ನ ಚೀಟಿಯನ್ನೆ?
ಈ ಬೆಂಕಿಯಿಲ್ಲದೆ ರೊಟ್ಟಿಗೆ ಘಮ ಹತ್ತದು.
ಮಾಂಸ ಸುಡಲು ಬೇರೆ ಸೌದೆ ತಂದವನನ್ನು
ನನ್ನ ಮಾವ ಊಟಕ್ಕೇ ಕೂರಿಸುತ್ತಿರಲಿಲ್ಲ.
ಅರ್ಧ ನಿನಗೆ. ಅರ್ಧ ಬೆಂಕಿಗೆ."

ಏಪ್ರಿಲ್. ತೋಟದಲ್ಲಿ ಕತ್ತರಿಸಿದ ತುದಿಗಳೆಲ್ಲ
ತೊಟ್ಟಿಕ್ಕುತ್ತಿರಬೇಕು.
ಇಲ್ಲಿ ಯಂತ್ರದ ಕಾಗದದ ಮೇಲೆ ಚಪ್ಪಟೆ ಗೆರೆ,
ಚಪ್ಪಟೆ ಗೆರೆ,
ಇದ್ದಕ್ಕಿದ್ದಂತೆ ಎದ್ದಿತು.
ಕಡ್ಡಿಯನ್ನು ಗುಡ್ಡ ಮಾಡುವವಳು ಎಂದು ನನ್ನನ್ನು ಆಡಿಕೊಂಡವರಿದ್ದಾರೆ.
ಬನ್ನಿ, ನೋಡಿ,
ಗುಡ್ಡ.

ಎತೆರಿಗೆ ಫೋನು ಮಾಡಿದೆ.
"ಯಾವ ಸಾಲಿನದು?"
ಏಳನೆಯದು.
"ಅದರ ಹಣ್ಣು ಬರೀ ಹುಳಿ," ಎಂದಳು. ತಡೆದು,
"ವರ್ಷಾವರ್ಷ ಬೈಯುತ್ತಿದ್ದೆ."

ಅವಳ ಬೆನ್ನ ಹಿಂದೆ ಮಣ್ಣೊಲೆ ಚಟಚಟ ಅನ್ನುತ್ತಿತ್ತು.
ಅದು ಯಾವ ಸಾಲಿನದೆಂದು
ನಾನು ಕೇಳಲಿಲ್ಲ.